ಓರಗಿತ್ತಿಯ ಕೂದಲು

ಕಿಟಕಿ ಪಕ್ಕದ ಸ್ಟೂಲು ಕಿರಿಯವಳ ಪಾಲಾದ ದಿನ ಹಿರಿಯವಳಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಅದೇನು ಅರಮನೆಯ ಕಿಟಕಿಯೇ? ಕಬ್ಬಿಣದ ಸರಳು, ಸರಳಿನಾಚೆ ತಗಡಿನ ಮರೆ, ತಗಡಿಗೂ ಗೋಡೆಗೂ ನಡುವೆ ಗೇಣಗಲದ ಸಂದು. ಆ ಸಂದಿನಲ್ಲಿ ಎದುರು ಕಟ್ಟಡದ ನೀರಿನ ಟ್ಯಾಂಕು, ಅಂಗೈಯಷ್ಟು ಆಕಾಶ, ಆಗೊಮ್ಮೆ ಈಗೊಮ್ಮೆ ಬಟ್ಟೆ ಹರವಲು ಬರುವ ಯಾರದೋ ಕೈ. ಆದರೆ ಹನ್ನೊಂದು ಹೆಂಗಸರು ಬೆಳಗಿನಿಂದ ಕತ್ತಲಾಗುವವರೆಗೆ ಟ್ಯೂಬ್‌ಲೈಟಿನ ಕೆಳಗೆ ಬಗ್ಗಿ ಕೂತು ಪರರ ಕೂದಲಿನ ಸಿಕ್ಕು ಬಿಡಿಸುವ ಕೋಣೆಯಲ್ಲಿ ಅಂಗೈಯಷ್ಟು ಆಕಾಶವೆಂದರೆ ಆಸ್ತಿಯೇ. ಆ ಆಸ್ತಿ ತನ್ನ ಓರಗಿತ್ತಿಗೆ ಹೋಯಿತಲ್ಲ ಎಂಬುದೇ ಹಿರಿಯವಳ ಹೊಟ್ಟೆಯುರಿ. ಉಳಿದ ಒಂಬತ್ತು ಜನರಲ್ಲಿ ಯಾರಿಗೆ ಕೊಟ್ಟಿದ್ದರೂ ಅವಳು ತಲೆ ಎತ್ತಿ ನೋಡುತ್ತಿರಲಿಲ್ಲ.

ಇಬ್ಬರೂ ಒಂದೇ ಮನೆಯ ಸೊಸೆಯರು. ಅಣ್ಣನಿಗೆ ಇವಳು, ತಮ್ಮನಿಗೆ ಅವಳು. ಹಿರಿಯವಳು ಬಂದು ಆರು ವರ್ಷದ ಮೇಲೆ ಕಿರಿಯವಳು ಆ ಮನೆಗೆ ಕಾಲಿಟ್ಟಳು. ಕಾಲಿಟ್ಟ ದಿನದಿಂದ ತಾನು ಇದ್ದೂ ಇಲ್ಲದಂತಾದೆ ಎಂದು ಹಿರಿಯವಳ ನಂಬಿಕೆ. ಕಿರಿಯವಳು ಹತ್ತನೇ ತರಗತಿ ಓದಿದವಳು, ಇವಳದು ನಾಲ್ಕಕ್ಕೇ ನಿಂತಿತ್ತು. ಕಿರಿಯವಳು ಜಡೆ ಬಿಚ್ಚಿದರೆ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಅತ್ತೆ ಬಿಸಿಲಿಗೆ ಕೂತು ಅದಕ್ಕೆ ಎಣ್ಣೆ ಹಚ್ಚುತ್ತ, "ಇದು ಕೂದಲಲ್ಲ ಕಣೆ, ರೇಷ್ಮೆ," ಅನ್ನುವಾಗ ಹಿರಿಯವಳು ಒಳಗೆ ಪಾತ್ರೆ ಕುಕ್ಕುತ್ತಿದ್ದಳು. ಅವಳ ತಲೆಗೆ ಯಾರೂ ಎಣ್ಣೆ ಹಚ್ಚಿರಲಿಲ್ಲ. ಅವಳಿಗಿದ್ದ ಹೆಚ್ಚುಗಾರಿಕೆ ಒಂದೇ, ಏಳು ವರ್ಷದ ಮಗಳು. ಕಿರಿಯವಳ ಮಡಿಲು ಇನ್ನೂ ತುಂಬಿರಲಿಲ್ಲ. ಆದರೆ ಆ ಹೆಮ್ಮೆಯನ್ನೂ ನೆಮ್ಮದಿಯಾಗಿ ಅನುಭವಿಸುವಂತಿರಲಿಲ್ಲ. ಮಗಳು ಶಾಲೆಯಿಂದ ಬಂದವಳೇ ಚೀಲ ಎಸೆದು ಓಡುತ್ತಿದ್ದುದು ಚಿಕ್ಕಮ್ಮನ ಕೋಣೆಗೆ.

ಅವರನ್ನು ಈ ಪರದೇಶಕ್ಕೆ ತಂದವನು ಹೊರಗಿನವನಲ್ಲ. ಅತ್ತೆಯ ಅಕ್ಕನ ಮಗ. ಇಬ್ಬರಿಗೂ ವರಸೆಯಲ್ಲಿ ಭಾವ. ಹೊಳೆಯುವ ಬೂಟು, ಎರಡು ಫೋನು, ಮಗುವಿನ ಕೈಗೆ ಚಾಕಲೇಟು. ಬ್ಯೂಟಿ ಪಾರ್ಲರಿನಲ್ಲಿ ಕೆಲಸ, ಇರಲು ಕೋಣೆ, ವರ್ಷಕ್ಕೊಮ್ಮೆ ರಜೆ ಎಂದೆಲ್ಲ ಹೇಳಿ, "ಆದ್ರೆ ಇರೋದು ಒಂದೇ ಜಾಗ. ಓದಿದವರು ಬೇಕಂತೆ," ಎಂದು ಕಿರಿಯವಳ ಕಡೆ ನೋಡಿದ.

ಹಿರಿಯವಳ ಮೈಯೆಲ್ಲ ಉರಿದುಹೋಯಿತು. ಅವನು ಬೀದಿಯ ತಿರುವು ದಾಟುವ ಮುಂಚೆ ಓಡಿಹೋಗಿ ಅಡ್ಡ ನಿಂತಳು.

"ಭಾವ, ನಂಗೇನು ಕೈಯಿಲ್ವಾ? ಅವಳಿಗಿಂತ ಎರಡರಷ್ಟು ದುಡೀತೀನಿ. ನನ್ನನ್ನೂ ಕರ್ಕೊಂಡು ಹೋಗಿ."

ಅವನು ಹಣೆ ಉಜ್ಜಿಕೊಂಡ. ಫೋನು ತೆಗೆದು ಯಾರೊಡನೆಯೋ ಪಿಸುಗುಟ್ಟಿದ. ಕೊನೆಗೆ ದೊಡ್ಡ ಉಪಕಾರ ಮಾಡುವವನಂತೆ, "ಆಯ್ತಮ್ಮ, ನಿನಗೋಸ್ಕರ ಯಾರ್ಯಾರದೋ ಕೈಕಾಲು ಹಿಡಿದಿದೀನಿ," ಎಂದ. ಅವಳು ಕುಣಿದುಕೊಂಡು ಮನೆಗೆ ಬಂದಳು. ಅವನ ಚೀಲದಲ್ಲಿ ಆಗಲೇ ಎರಡು ಅರ್ಜಿಗಳಿದ್ದವು, ಎರಡರಲ್ಲೂ ಹೆಸರು ತುಂಬಿಯಾಗಿತ್ತು ಎಂಬುದು ಅವಳಿಗೆ ತಿಳಿದದ್ದು ಬಹಳ ದಿನದ ಮೇಲೆ.

ವಿಮಾನದಿಂದ ಇಳಿದಾಗ ಎದುರುಗೊಂಡವಳು ಅವರದೇ ಭಾಷೆಯ ಹೆಂಗಸು. ಐವತ್ತರ ಆಸುಪಾಸು, ತುಂಬಿದ ಕೆನ್ನೆ, ಜೇನಿನಂಥ ಮಾತು. ಎಲ್ಲರೂ ಅವಳನ್ನು ದೊಡ್ಡಕ್ಕ ಅನ್ನುತ್ತಿದ್ದರು. "ಪಾಸ್‌ಪೋರ್ಟು ಕಳಕೊಂಡ್ರೆ ಕಷ್ಟ ತಂಗೀರಾ, ಇಲ್ಲಿ ಕೊಡಿ," ಎಂದು ಕಾರಿನಲ್ಲೇ ಇಸಿದುಕೊಂಡಳು. ಪಾರ್ಲರು ಅನ್ನುವುದೇ ಇರಲಿಲ್ಲ. ಇದ್ದದ್ದು ಮೂರಂತಸ್ತಿನ ಒಂದು ಕಟ್ಟಡ. ಕೆಳಗೆ ಗೋದಾಮು, ನಡುವೆ ಕೆಲಸದ ಕೋಣೆ, ಮೇಲೆ ಮಲಗುವ ಕೋಣೆ. ಮೆಟ್ಟಿಲ ಬುಡದ ಬಾಗಿಲಿಗೆ ಹೊರಗಿನಿಂದ ಬೀಗ, ಬೀಗದ ಪಕ್ಕ ಕುರ್ಚಿ ಹಾಕಿಕೊಂಡು ಒಬ್ಬ ಕಾವಲುಗಾರ. ದೊಡ್ಡಕ್ಕ ಯಾವತ್ತೂ ಕೈ ಎತ್ತುತ್ತಿರಲಿಲ್ಲ. ಅದಕ್ಕೆ ಅವನಿದ್ದ.

ಕೆಲಸವೆಂದರೆ ವಿಗ್ಗು ಮಾಡುವುದು. ಗೋಣಿಚೀಲಗಳಲ್ಲಿ ಎಲ್ಲೆಲ್ಲಿಯದೋ ಕೂದಲು ಉಂಡೆಗಟ್ಟಿ ಬರುತ್ತಿತ್ತು. ಹಿಂದಿನ ತೊಳೆಯುವ ಕೋಣೆಯಲ್ಲಿ ಅದನ್ನು ಘಾಟು ನೀರಿನ ತೊಟ್ಟಿಯಲ್ಲಿ ನೆನೆಹಾಕಿ, ಹಿಂಡಿ, ಒಣಗಿಸಬೇಕು. ಮೇಜಿಗೆ ಬಿಗಿದ ಕಬ್ಬಿಣದ ಹಲ್ಲುಗಳ ಮೇಲೆ ಎಳೆದೆಳೆದು ಸಿಕ್ಕು ಬಿಡಿಸಬೇಕು. ಉದ್ದ ನೋಡಿ ಕಟ್ಟು ಕಟ್ಟಬೇಕು. ಆಮೇಲೆ ಮರದ ತಲೆಯ ಮೇಲೆ ಬಲೆಯ ಟೋಪಿ ಬಿಗಿದು, ಕೊಕ್ಕೆಸೂಜಿಯಿಂದ ಎಳೆ ಎಳೆಯಾಗಿ ಗಂಟು ಹಾಕಬೇಕು. ಒಂದು ತಲೆ ಮುಗಿಯಲು ಐದಾರು ವಾರ. ಹಿರಿಯವಳ ಬೆರಳು ಬಹಳ ಚುರುಕು. ಅವಳ ಗಂಟು ಹುಡುಕಿದರೂ ಕಾಣುತ್ತಿರಲಿಲ್ಲ. ಆದರೂ ಮೆಚ್ಚುಗೆ ಬಂದದ್ದು ಕಿರಿಯವಳಿಗೆ.

"ಇಂಥ ಕೂದಲು ಇಟ್ಕೊಂಡು ನೀನು ಕತ್ತಲಲ್ಲಿ ಕೂರ್ಬಾರದು," ಎಂದು ದೊಡ್ಡಕ್ಕ ಅವಳನ್ನು ಕಿಟಕಿ ಪಕ್ಕಕ್ಕೆ ಕರೆದಳು. ಕೂದಲು ಸೊರಗಬಾರದೆಂದು ದಿನಾ ಒಂದು ಮೊಟ್ಟೆ, ಒಂದು ಲೋಟ ಹಾಲು. ಅಕ್ಷರ ಬಲ್ಲವಳೆಂದು ಪಾರ್ಸೆಲ್ ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುವ ಕೆಲಸ. ಎಲ್ಲಕ್ಕಿಂತ ಮೇಲಾಗಿ ಫೋನು! ತಿಂಗಳಿಗೆ ಒಬ್ಬಳಿಗೆ, ಒಂದೇ ಒಬ್ಬಳಿಗೆ, ಮನೆಗೆ ಮಾತಾಡಲು ಅಪ್ಪಣೆ. ಮೂರು ತಿಂಗಳು ಸಾಲಾಗಿ ಅದು ಕಿರಿಯವಳಿಗೇ ಸಿಕ್ಕಿತು.

ಮೂರನೇ ಸಲ ಅವಳು ದೊಡ್ಡಕ್ಕನ ಕೋಣೆಯಿಂದ ಹೊರಬಂದಾಗ ಹಿರಿಯವಳಿಗೆ ತಡೆಯಲಾಗಲಿಲ್ಲ.

"ಯಾರು ಎತ್ತಿದ್ರು?"

"ಮಗು ಎತ್ತಿದ್ಲು ಅಕ್ಕ. ಚೆನ್ನಾಗಿದಾಳೆ. ಮುಂದಿನ ಹಲ್ಲು ಬಿದ್ದಿದೆಯಂತೆ."

ಹೆತ್ತವಳಿಗೆ ತಿಳಿಯದೆ ಹಲ್ಲು ಬಿದ್ದಿದೆ, ಇವಳಿಗೆ ಮೊದಲು ತಿಳಿದಿದೆ! ಹಿರಿಯವಳು ಕೊಕ್ಕೆಸೂಜಿಯನ್ನು ಮರದ ತಲೆಗೆ ಎಷ್ಟು ಜೋರಾಗಿ ಚುಚ್ಚಿದಳೆಂದರೆ ಮೊನೆ ಮುರಿಯಿತು.

ದೊಡ್ಡಕ್ಕನಿಗೆ ಇದೆಲ್ಲ ಕಾಣದೆ ಇರುತ್ತದೆಯೇ? ಚಹಾ ಕೊಡುವ ನೆಪದಲ್ಲಿ ಬಂದು ಪಕ್ಕ ನಿಲ್ಲುತ್ತಿದ್ದಳು. "ಫೋನು ನಿಂಗೇ ಕೊಡೋಣ ಅಂತಿದ್ದೆ ಕಣಮ್ಮ. ನಿನ್ನ ಓರಗಿತ್ತಿನೇ ಹೇಳಿದ್ಲು, 'ಅಕ್ಕ ಮಾತಾಡಿದ್ರೆ ಅತ್ತುಬಿಡ್ತಾಳೆ, ನಾನೇ ಮಾತಾಡ್ತೀನಿ' ಅಂತ. ನಾನೇನು ಮಾಡ್ಲಿ?" ಎಂದು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದಳು. ಆ ಮಾತು ಹಿರಿಯವಳ ಎದೆಯಲ್ಲಿ ಎರಡು ದಿನ ಕುದಿಯುತ್ತಿತ್ತು.

ಒಂದು ಮಧ್ಯಾಹ್ನ ಹಾಸಿಗೆ ಬಟ್ಟೆ ಒಗೆಯುವ ಸರದಿ ಹಿರಿಯವಳದಾಗಿತ್ತು. ಕಿರಿಯವಳ ದಿಂಬಿನ ಚೀಲ ಕಳಚುವಾಗ ಮಡಿಸಿದ ಕಾಗದವೊಂದು ಕೆಳಗೆ ಬಿತ್ತು. ಪರದೇಶದ ಲಿಪಿ. ಓದಲು ಬರದಿದ್ದರೂ ಇಷ್ಟು ಗೊತ್ತಾಯಿತು: ಮೇಲಿನ ಸಾಲು ಪಾರ್ಸೆಲ್ ಪೆಟ್ಟಿಗೆಯ ಮೇಲೆ ದಿನಾ ಕಾಣುವ ಈ ಕಟ್ಟಡದ ವಿಳಾಸ, ಕೆಳಗಿನದು ಓರಗಿತ್ತಿಯ ಹೆಸರು. ಊರು ಬಿಡುವ ಮುಂಚೆಯೇ ಇಬ್ಬರ ಹೆಸರಿನ ಆಕಾರವನ್ನೂ ಪಾಸ್‌ಪೋರ್ಟಿನಲ್ಲಿ ನೋಡಿ ನೋಡಿ ಅವಳು ಕಲಿತಿದ್ದಳು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ತನ್ನ ಹೆಸರಿನ ಆಕಾರ ಎಲ್ಲೂ ಇರಲಿಲ್ಲ.

ಪಾರ್ಸೆಲ್ ಪೆಟ್ಟಿಗೆಯಲ್ಲಿ ಕಾಗದ ತೂರಿಸಿ ಹೊರಗೆ ಹೋಗುವ ದಾರಿ ಹುಡುಕಿದ್ದಾಳೆ, ಒಬ್ಬಳೇ!

ಒಂದು ತಾಸು ಅವಳು ಒದ್ದೆ ಬಟ್ಟೆಗಳ ನಡುವೆ ಕೂತಿದ್ದಳು. ಆಮೇಲೆ ಎದ್ದು, ಕೈ ಒರೆಸಿಕೊಂಡು, ದೊಡ್ಡಕ್ಕನ ಕೋಣೆಗೆ ಹೋಗಿ ಕಾಗದವನ್ನು ಮೇಜಿನ ಮೇಲಿಟ್ಟಳು. ಹೋಗುವಾಗ ಎಲ್ಲೂ ತಡೆದು ನಿಲ್ಲಲಿಲ್ಲ. ಅದೇ ಅವಳನ್ನು ಆಮೇಲೆ ವರ್ಷಗಟ್ಟಲೆ ಚುಚ್ಚಿದ್ದು.

ದೊಡ್ಡಕ್ಕ ಓದಿದಳು. ಸಿಟ್ಟಾಗಲಿಲ್ಲ. ಹಿರಿಯವಳ ಗಲ್ಲ ಮುಟ್ಟಿ, "ನೀನು ನನ್ನ ಒಡಹುಟ್ಟಿದವಳಿದ್ದ ಹಾಗೆ," ಎಂದಳು.

ಮರುದಿನ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಕೂತ ಮೇಲೆ ಕಾವಲುಗಾರ ಮೇಲೆ ಬಂದ. ಕೋಣೆಯ ನಡುವೆ ಸ್ಟೂಲು ಹಾಕಿ ಕಿರಿಯವಳನ್ನು ಕೂರಿಸಿ ಎರಡೂ ಭುಜ ಹಿಡಿದ. ದೊಡ್ಡಕ್ಕ ಜಡೆಯ ಬುಡಕ್ಕೆ ದಾರ ಬಿಗಿದಳು, ಎಳೆ ಚೆದುರಿ ಹಾಳಾಗಬಾರದಲ್ಲ. ಆಮೇಲೆ ದೊಡ್ಡ ಕತ್ತರಿ ತೆಗೆದಳು. ಕೂದಲು ದಪ್ಪ, ಒಂದೇ ಏಟಿಗೆ ಬರಲಿಲ್ಲ. ಕರಕರ ಕರಕರ ಎಂದು ಕತ್ತರಿ ಅಗಿಯಿತು. ಮೊದಲ ಸದ್ದಿಗೆ ಹಿರಿಯವಳ ಹೊಟ್ಟೆಯಲ್ಲಿ ತಣ್ಣಗೆ ಏನೋ ಇಳಿಯಿತು. ಸುಳ್ಳು ಹೇಳಬಾರದು, ಅದು ಸಂತೋಷವೇ. ಜಡೆ ಕೈಗೆ ಬಂದ ಮೇಲೆ ಕಿರಿಯವಳ ಕತ್ತು ಕಂಡಿತು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಹಿರಿಯವಳು ಆ ಕತ್ತನ್ನು ನೋಡಿರಲಿಲ್ಲ. ಕೋಳಿಮರಿಯ ಕತ್ತಿನಂತೆ ಸಣ್ಣಗಿತ್ತು. ಕಿರಿಯವಳು ಅಳಲಿಲ್ಲ. ಎದ್ದು ನಿಂತು ಕೋಣೆಯಲ್ಲಿದ್ದ ಒಬ್ಬೊಬ್ಬರನ್ನೂ ನೋಡುತ್ತ ಬಂದಳು. ಹಿರಿಯವಳು ಮುಖ ತಗ್ಗಿಸಿದಳು.

ಅವತ್ತಿನಿಂದ ಕಿರಿಯವಳು ತೊಳೆಯುವ ಕೋಣೆಗೆ. ಕಿಟಕಿ ಪಕ್ಕದ ಸ್ಟೂಲು ಹಿರಿಯವಳಿಗೆ. ಮೊಟ್ಟೆ, ಹಾಲು, ಎಲ್ಲವೂ.

ಆ ತಿಂಗಳ ಫೋನೂ ಅವಳದೇ. ದೊಡ್ಡಕ್ಕ ತನ್ನ ಮೇಜಿನ ಮೇಲೆ ಫೋನಿಟ್ಟು, ಸ್ಪೀಕರು ಹಾಕಿ, ಎದುರಿಗೆ ಕೂತಳು. ಅತ್ತ ಕಡೆ ಮಗಳು ಎತ್ತಿದಳು.

"ಅಮ್ಮಾ! ಹಲ್ಲುನೋವು ಹೋಯ್ತಾ?"

"ಯಾವ ಹಲ್ಲುನೋವು ಪುಟ್ಟಾ?"

"ಅಯ್ಯೋ, ಚಿಕ್ಕಮ್ಮ ಹೇಳಿದ್ಲಲ್ಲ! ಅಮ್ಮಂಗೆ ಹಲ್ಲುನೋವು, ಮಾತಾಡಕ್ಕಾಗಲ್ಲ, ಪಕ್ಕದಲ್ಲೇ ಕೂತು ಕೈ ಬೀಸ್ತಿದಾಳೆ ಅಂತ. ನಾನೂ ಇಲ್ಲಿಂದ ಕೈ ಬೀಸಿದ್ದೆ. ನಿಂಗೆ ಕಾಣಿಸ್ತಾ? ನೀನು ನನ್ನ ಹಲ್ಲು ಎತ್ತಿಡು ಅಂದ್ಯಂತೆ, ಡಬ್ಬೀಲಿಟ್ಟಿದೀನಿ. ಚಿಕ್ಕಮ್ಮಂಗೂ ಹಲ್ಲುನೋವಾ ಈಗ?"

ಅಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡು, "ಎಂಟು ತಿಂಗಳಾಯ್ತಲ್ಲೇ, ಒಂದು ಕಾಸೂ ಬಂದಿಲ್ಲ, ಏನಾಗಿದೆ ನಿಮಗೆ?" ಎಂದು ಕೇಳುತ್ತಿರುವಾಗಲೇ ದೊಡ್ಡಕ್ಕನ ಬೆರಳು ಗುಂಡಿ ಒತ್ತಿತು. "ಸಿಗ್ನಲ್ ಹೋಯ್ತು ನೋಡು," ಎಂದಳು.

ಸಂಬಳ ಪ್ರತಿ ತಿಂಗಳೂ ಊರಿಗೆ ಹೋಗುತ್ತಿದೆ ಎಂದು ದೊಡ್ಡಕ್ಕ ಹೇಳುತ್ತ ಬಂದಿದ್ದಳು. ಆ ಸುಳ್ಳು ದೊಡ್ಡದೇ. ಆದರೂ ಕಿಟಕಿ ಪಕ್ಕ ಬಂದು ಕೂತ ಹಿರಿಯವಳಿಗೆ ಅದಕ್ಕಿಂತ ಹೆಚ್ಚು ಕಾಡಿದ್ದು ಹಲ್ಲುನೋವು. ಮೊದಲು ಅವಳಿಗೆ ಬಂದದ್ದು ಸಿಟ್ಟೇ. ನನ್ನ ಬಾಯಿಂದ ಬರಬೇಕಾದ ಮಾತನ್ನು ಇವಳು ಹೇಗೆ ಆಡಿದಳು, ನನ್ನ ಮಗಳನ್ನು ನಗಿಸಲು ಇವಳಾರು? ಸಂಜೆಯ ಹೊತ್ತಿಗೆ ಆ ಸಿಟ್ಟು ನೀರಾಗಿ, ಕೊಕ್ಕೆಸೂಜಿಯ ತುದಿ ಕಾಣದಷ್ಟು ಕಣ್ಣು ತುಂಬಿತು.

ಮರುವಾರ ಹೊಸ ಕೆಲಸ ಬಂತು. ದೊಡ್ಡಕ್ಕ ಉದ್ದನೆಯ ಪೊಟ್ಟಣವೊಂದನ್ನು ಅವಳ ಮುಂದೆ ಬಿಚ್ಚಿದಳು. ಎಣ್ಣೆ ತೊಳೆದು, ಒಣಗಿಸಿ, ಬುಡ ಸಮ ಮಾಡಿದ ಕೂದಲು. ಯಾರದೆಂದು ಕೇಳಬೇಕಾಗಿರಲಿಲ್ಲ. "ದೊಡ್ಡ ಗಿರಾಕಿ. ಒಂದು ಗಂಟೂ ಕಾಣಬಾರದು. ಅದಕ್ಕೆ ನಿಂಗೆ ಕೊಡ್ತಿದೀನಿ," ಎಂದಳು.

ಆರು ವಾರ ಹಿರಿಯವಳು ತನ್ನ ಓರಗಿತ್ತಿಯ ಕೂದಲನ್ನು ಎಳೆ ಎಳೆಯಾಗಿ ಪರರ ತಲೆಗೆ ಕಟ್ಟಬೇಕಾಯಿತು. ಯಾವ ಕೂದಲಿಗಾಗಿ ಒಳಗೊಳಗೇ ಬೆಂದಿದ್ದಳೋ ಅದು ಈಗ ದಿನವಿಡೀ ಬೆರಳಲ್ಲೇ. ನಡುನಡುವೆ ಹಿಂದಿನ ಕೋಣೆಯಿಂದ ಘಾಟು ನೀರಿನ ಕೆಮ್ಮು ಕೇಳುತ್ತಿತ್ತು. ಅದು ಯಾರ ಕೆಮ್ಮೆಂದೂ ಗೊತ್ತಿತ್ತು.

ಎದುರು ಮೇಜಿನಲ್ಲಿ ಕಬ್ಬಿಣದ ಹಲ್ಲಿನ ಮೇಲೆ ಕೂದಲು ಎಳೆಯುವವಳು ಆ ಮನೆಯಲ್ಲೇ ಹಳಬಳು. ಎಲ್ಲರೂ ಮುದುಕಿ ಅನ್ನುತ್ತಿದ್ದರು. ವಯಸ್ಸು ಐವತ್ತೂ ಆಗಿರಲಿಲ್ಲ. ಒಂದು ದಿನ ತಲೆ ಎತ್ತದೆಯೇ ಕೇಳಿದಳು.

"ಸೂಪರ್‌ವೈಸರ್ ಮಾಡ್ತೀನಿ ಅಂದ್ಲಾ ದೊಡ್ಡಕ್ಕ ನಿಂಗೆ?"

"ಹೂಂ. ಮುಂದಿನ ತಿಂಗಳು ಅಂದಿದಾಳೆ."

"ನಂಗೂ ಅಂದಿದ್ಲು. ಆರು ವರ್ಷ ಆಯ್ತು." ಮುದುಕಿ ನಕ್ಕಳು. "ಆಗ ನಾನು ನನ್ನ ಊರಿನವಳೊಬ್ಬಳ ಮೇಲೆ ಚಾಡಿ ಹೇಳಿದ್ದೆ. ಅವಳು ಈಗ ಎಲ್ಲಿದಾಳೋ ಗೊತ್ತಿಲ್ಲ. ನಮ್ಮಜ್ಜಿ ಕಾಲದಲ್ಲಿ ಹುಡುಗೀರನ್ನ ಹಡಗಲ್ಲಿ ಗೋಣಿಚೀಲದ ಜೊತೆ ತುಂಬ್ಕೊಂಡು ಹೋಗ್ತಿದ್ರಂತೆ, ಕಾಲಿಗೆ ಸರಪಳಿ ಹಾಕಿ. ಈಗಿನವರು ಬುದ್ಧಿವಂತರು. ಟಿಕೆಟ್ ಕೊಟ್ಟು, ಊಟ ಕೊಟ್ಟು ವಿಮಾನದಲ್ಲಿ ಕರ್ಕೊಂಡು ಬರ್ತಾರೆ. ಸರಪಳಿ ಖರ್ಚೂ ಇಲ್ಲ. ಒಬ್ಬಳಿಗೆ ಮೊಟ್ಟೆ ಕೊಟ್ರೆ ಸಾಕು, ಉಳಿದ ಹತ್ತು ಜನ ಅವಳನ್ನ ಕಾಯ್ತಾರೆ."

ಮರುದಿನ ಹಿರಿಯವಳು ತೊಟ್ಟಿಯ ಕೂದಲು ತರುವ ನೆಪ ಮಾಡಿ ತೊಳೆಯುವ ಕೋಣೆಗೆ ಹೋದಳು. ಕಿರಿಯವಳು ಮೊಣಕೈವರೆಗೆ ನೀರಲ್ಲಿ ಕೈ ಅದ್ದಿ ನಿಂತಿದ್ದಳು. ತಲೆಯ ಮೇಲೆ ಮುಳ್ಳುಮುಳ್ಳಾಗಿ ಒಂದು ಬೆರಳು ಕೂದಲು ಬೆಳೆದಿತ್ತು. ಕೈಯ ಚರ್ಮ ಸುಲಿದು ಕೆಂಪಗಾಗಿತ್ತು.

"ನೀನೇ ಹೇಳಿದ್ದು ಅಂತ ನಂಗೊತ್ತು ಅಕ್ಕ," ಅಂದಳು, ಇವಳು ಬಾಯಿ ತೆರೆಯುವ ಮುಂಚೆ.

"ಹೌದು."

"ಏನು ಬೇಕಿತ್ತು ಈಗ?"

"ಆ ಕಾಗದದಲ್ಲಿ ನನ್ನ ಹೆಸರು ಯಾಕಿರ್ಲಿಲ್ಲ? ಅದೊಂದು ಹೇಳು."

ಕಿರಿಯವಳು ಕೂದಲಿನ ಹಿಡಿಯನ್ನು ಹಿಂಡಿ ಬುಟ್ಟಿಗೆ ಎಸೆದಳು. "ಬೇಕು ಅಂತಲೇ ಬರೀಲಿಲ್ಲ. ಮೊದಲು ಬರೆದಿದ್ದೆ, ಆಮೇಲೆ ಆ ಕಾಗದ ಹರಿದು ಬೇರೆ ಬರೆದೆ. ಹೊರಗೆ ಹೋದ್ರೆ ನಿಂಗೆ ಮಗಳಿದಾಳೆ, ಓಡಿ ಬಂದು ತಬ್ಕೊಳ್ತಾಳೆ. ನಂಗ್ಯಾರಿದಾರೆ? ಪ್ರತಿ ಸಲ ಫೋನಲ್ಲಿ 'ಅಮ್ಮ ಏನ್ ಮಾಡ್ತಿದಾಳೆ, ಅಮ್ಮ ಏನ್ ಹೇಳಿದ್ಲು' ಅಂತ ಕೇಳ್ತಾಳೆ. ಒಂದು ಸಲಾನೂ 'ಚಿಕ್ಕಮ್ಮ ನೀನು ಹೇಗಿದೀಯ' ಅನ್ನಲಿಲ್ಲ. ಹೊಟ್ಟೆ ಉರಿದುಹೋಗ್ತಿತ್ತು ಅಕ್ಕ. ಒಂದು ತಿಂಗಳಾದ್ರೂ ನಾನು ಮೊದಲು ಹೊರಗಿರ್ತೀನಿ, ಆಮೇಲೆ ನಿನ್ನನ್ನ ಕರೆಸ್ತೀನಿ ಅಂದ್ಕೊಂಡೆ."

ಹಿರಿಯವಳು ತೊಟ್ಟಿಯ ಅಂಚು ಹಿಡಿದುಕೊಂಡಳು. ತನ್ನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡಬಹುದು ಎಂಬುದು ಈ ಮೂವತ್ತೆರಡು ವರ್ಷಗಳಲ್ಲಿ ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ನಗು ಬಂತು. ಅಳುವೂ ಬಂತು. ಎರಡನ್ನೂ ನುಂಗಿಕೊಂಡು, "ನಿನ್ನ ಕೂದಲಿನ ವಿಗ್ಗು ನನ್ನ ಕೈಲಿದೆ," ಎಂದಳು. "ಒಳಗಡೆ ಅಳತೆ ಪಟ್ಟಿ ಹೊಲಿಯೋದೂ ನಾನೇ. ಪಟ್ಟಿಯ ಒಳಮೈ ಯಾರೂ ನೋಡಲ್ಲ. ನಂಗೆ ಇಲ್ಲಿನ ಅಕ್ಷರ ಬರೆಯೋಕೆ ಬರಲ್ಲ."

ಪ್ರತಿ ವಿಗ್ಗಿನ ಒಳಗೆ ಬೆರಳಗಲದ ಬಿಳಿ ಬಟ್ಟೆಯ ಪಟ್ಟಿ ಇರುತ್ತದೆ. ತೊಳೆದರೂ ಹೋಗದ ಮಸಿಯಲ್ಲಿ ಅಳತೆಯ ಅಂಕಿ ಬರೆಯುತ್ತಾರೆ. ಹಿರಿಯವಳು ಪಟ್ಟಿಯನ್ನೂ ಮಸಿಯ ಪೆನ್ನನ್ನೂ ಮಡಿಲಲ್ಲಿಟ್ಟುಕೊಂಡು ಇನ್ನೆರಡು ಸಲ ತೊಳೆಯುವ ಕೋಣೆಗೆ ಹೋದಳು. ಕಿರಿಯವಳು ತನಗೆ ಗೊತ್ತಿದ್ದ ಪರದೇಶದ ನಾಲ್ಕು ಮಾತನ್ನು ಜೋಡಿಸಿದಳು: ಹನ್ನೊಂದು ಹೆಂಗಸರು, ಬೀಗ, ಸಹಾಯ ಮಾಡಿ, ವಿಳಾಸ. ಹೆಸರು ಬರೆಯುವಲ್ಲಿ ಬಂದು ಕೈ ನಿಂತಿತು.

"ಯಾರ ಹೆಸರು ಮೊದಲು?" ಎಂದಳು.

"ನಾನು ದೊಡ್ಡವಳು."

"ಕೂದಲು ನಂದು."

ಇಬ್ಬರೂ ಒಂದು ಕ್ಷಣ ದುರುಗುಟ್ಟಿ ನೋಡಿಕೊಂಡರು. ಸುಟ್ಟರೂ ಹೋಗದ ಗುಣ! ಮೊದಲು ನಕ್ಕವಳು ಕಿರಿಯವಳು. ಕೊನೆಗೆ ಎರಡು ಹೆಸರನ್ನೂ ಅಕ್ಕಪಕ್ಕ, ಒಂದೇ ಸಾಲಿನಲ್ಲಿ, ಇಕ್ಕಟ್ಟಾಗಿ ಬರೆದರು. ಮುದುಕಿಯ ಹೆಸರಿಗೂ ಜಾಗ ಮಾಡಿದರು.

ಪಟ್ಟಿಯ ಒಂದು ಬದಿಯನ್ನು ಹಿರಿಯವಳು ಬೇಕೆಂದೇ ಸಡಿಲಾಗಿ ಹೊಲಿದಳು. ವಿಗ್ಗು ಹೋಯಿತು.

ಒಂದು ವಾರ, ಎರಡು ವಾರ, ಐದು ವಾರ. ಇನ್ನು ಆಸೆ ಬಿಟ್ಟಂತೆಯೇ ಎಂದುಕೊಂಡಿರುವಾಗ ಒಂದು ಬೆಳಿಗ್ಗೆ, ಚಹಾದ ಹೊತ್ತಿಗೆ, ಕೆಳಗೆ ಕುರ್ಚಿ ಉರುಳಿದ ಸದ್ದಾಯಿತು. ಮೆಟ್ಟಿಲಲ್ಲಿ ಬೂಟುಕಾಲು. ಇಬ್ಬರು ಮಹಿಳಾ ಅಧಿಕಾರಿಗಳು, ನಾಲ್ವರು ಪೊಲೀಸರು. ಯಾವುದೋ ಊರಿನ ಅಂಗಡಿಯಲ್ಲಿ, ಕಾಯಿಲೆಯಿಂದ ಕೂದಲು ಉದುರಿದವಳೊಬ್ಬಳಿಗೆ ಆ ವಿಗ್ಗು ದೊಗಲೆಯಾಗಿತ್ತಂತೆ. ಬಿಗಿ ಮಾಡಲು ದರ್ಜಿ ಹೆಂಗಸು ಪಟ್ಟಿ ಬಿಚ್ಚಿದ್ದಳಂತೆ. ಅದೆಲ್ಲ ತಿಳಿದದ್ದು ಆಮೇಲೆ.

ದೊಡ್ಡಕ್ಕ ಎದೆಗುಂದಲಿಲ್ಲ. "ಇವರೆಲ್ಲ ನನ್ನ ಸಂಬಂಧಿಕರು. ಇಷ್ಟಪಟ್ಟು ಕೆಲಸಕ್ಕೆ ಬಂದಿದಾರೆ, ಕೇಳಿ ಬೇಕಾದ್ರೆ," ಎಂದು ಆ ಭಾಷೆಯಲ್ಲಿ ಹೇಳಿದವಳು, ಪಕ್ಕದಲ್ಲಿದ್ದ ಹಿರಿಯವಳಿಗೆ ತಮ್ಮ ಭಾಷೆಯಲ್ಲಿ ತಣ್ಣಗೆ ಉಸುರಿದಳು. "ನಿನ್ನ ಓರಗಿತ್ತಿ ಆಗಲೇ ಒಳಗೆ ಹೇಳಿಕೆ ಕೊಡ್ತಿದಾಳೆ. ನೀನೇ ಕಾಗದ ಹಿಡಿದುಕೊಟ್ಟೆ, ನೀನೇ ನನ್ನ ಬಲಗೈ ಅಂತಾಳೆ. ಜೈಲಿಗೆ ಹೋಗೋದು ನೀನು. ನನ್ನ ಜೊತೆ ನಿಂತ್ರೆ ಬಚಾವು."

ಹಿರಿಯವಳು ಹಿಂದಕ್ಕೆ ತಿರುಗಿ ನೋಡಿದಳು. ಕಾಗದದ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲವಲ್ಲ. ತೊಳೆಯುವ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಕಿರಿಯವಳೂ ಒಬ್ಬಳು ಅಧಿಕಾರಿಯೂ ಇದ್ದರು. ಅವಳು ಏನು ಹೇಳುತ್ತಿರಬಹುದು? ಹೇಳಿದರೂ ತಪ್ಪೇನು?

ಇನ್ನೊಬ್ಬಳು ಅಧಿಕಾರಿ ಫೋನಿನಲ್ಲಿ ದುಭಾಷಿಯನ್ನು ಹಿಡಿದು ಹಿರಿಯವಳನ್ನು ಕೇಳಿದಳು. "ನೀವು ಇಷ್ಟಪಟ್ಟು ಇಲ್ಲಿದ್ದೀರಾ?"

"ಇಲ್ಲ," ಎಂದಳು ಹಿರಿಯವಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಕಟ್ಟೆ ಒಡೆದಂತಾಯಿತು. ಬೀಗ, ಪಾಸ್‌ಪೋರ್ಟು, ಕಾವಲುಗಾರನ ಕೈ, ಕತ್ತರಿ, ಎಲ್ಲ ಹೇಳಿದಳು. ಕೊನೆಗೆ, ಯಾರೂ ಕೇಳದಿದ್ದರೂ, "ಅವಳು ಬಚ್ಚಿಟ್ಟ ಕಾಗದ ಹಿಡಿದುಕೊಟ್ಟವಳು ನಾನು. ಅದನ್ನೂ ಬರ್ಕೊಳ್ಳಿ," ಎಂದಳು.

ದುಭಾಷಿ, "ಅದು ಬೇಕಾಗಿಲ್ಲಮ್ಮ," ಎಂದ.

"ಬೇಕು," ಎಂದಳು.

ಕಿರಿಯವಳ ಹೇಳಿಕೆಯಲ್ಲಿ ಕಾಗದದ ಮಾತೇ ಇರಲಿಲ್ಲ ಎಂಬುದು ಆಶ್ರಯಧಾಮಕ್ಕೆ ಹೋದ ಮೇಲೆ ಗೊತ್ತಾಯಿತು. "ನಿನ್ನ ಉಳಿಸೋಕೆ ಅಂದ್ಕೋಬೇಡ," ಎಂದಳು ಕಿರಿಯವಳು. "ಮರೆತುಹೋಗಿತ್ತು." ಅದು ನಿಜವೋ ಸುಳ್ಳೋ ಹಿರಿಯವಳು ಯಾವತ್ತೂ ಕೇಳಲಿಲ್ಲ.

ದೊಡ್ಡಕ್ಕನಿಗೂ ಕಾವಲುಗಾರನಿಗೂ ಶಿಕ್ಷೆಯಾಯಿತು. ಭಾವನ ಸುಳಿವೇ ಇಲ್ಲ. ಎರಡೂ ಫೋನು ಸತ್ತಿದ್ದವು. ಆ ಎರಡು ಅರ್ಜಿಗಳನ್ನು ಪೊಲೀಸರು ದೊಡ್ಡಕ್ಕನ ಬೀರುವಿನಿಂದ ತೆಗೆದು ತೋರಿಸಿದರು. ಎರಡಕ್ಕೂ ಒಂದೇ ತಾರೀಖು, ಹಿರಿಯವಳು ಭಾವನಿಗೆ ಅಡ್ಡ ನಿಂತ ದಿನಕ್ಕಿಂತ ಮುಂಚಿನದು. ಅವಳೊಳಗೆ ಏನು ಹೊಗೆಯಾಡುತ್ತಿದೆ ಎಂಬುದು ಅವಳಿಗಿಂತ ಮೊದಲು ಅವನಿಗೆ ಗೊತ್ತಿತ್ತು.

ಊರಿಗೆ ಮರಳಿದವಳು ಹಿರಿಯವಳೊಬ್ಬಳೇ. ಕಿರಿಯವಳ ಗಂಡ ಆಶ್ರಯಧಾಮದ ಫೋನು ಎರಡು ಸಲ ಎತ್ತಿ ಎರಡು ಸಲವೂ ಇಟ್ಟುಬಿಟ್ಟ. ಅವಳು ಅಲ್ಲೇ ಉಳಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ, ಮುದುಕಿಯ ಜೊತೆ ಹಂಚಿಕೊಂಡ ಒಂದು ಕೋಣೆ, ಸಂಜೆ ಭಾಷೆ ಕಲಿಯುವ ತರಗತಿ. ಆ ಕೋಣೆಯ ಬೀಗದ ಕೈ ತನ್ನ ಹತ್ತಿರವೇ ಇದೆ ಎಂದು ಅವಳು ಫೋನಿನಲ್ಲಿ ಹೇಳಿದಾಗ, ಅತ್ತೆಯ ಬೈಗುಳ, ಬೀದಿಯ ಪಿಸುಮಾತು, ಗಂಡನ ಮೌನದ ನಡುವೆ ನಿಂತಿದ್ದ ಹಿರಿಯವಳ ಹೊಟ್ಟೆ ಹಳೆಯ ಅಭ್ಯಾಸದಂತೆ ಚುರ್ ಎಂದಿತು. ಚುರ್ ಎನ್ನಲಿ ಎಂದು ಬಿಟ್ಟಳು. "ಚಳಿಗೆ ಕೈಗೆ ಏನಾದ್ರೂ ಹಚ್ಕೊ, ಸುಲಿದಿರೋದು ಮತ್ತೆ ಒಡೆದೀತು," ಎಂದಳು.

ಬಂದು ನಾಲ್ಕು ತಿಂಗಳಾಗಿತ್ತು. ಹಿಂದಿನ ಬೀದಿಯ ಬಡಗಿಯ ಮನೆಗೆ ಒಳ್ಳೆಯ ಬಟ್ಟೆ ತೊಟ್ಟ ಹೆಂಗಸೊಬ್ಬಳು ಎರಡು ದಿನದಿಂದ ಬರುತ್ತಿದ್ದಾಳೆಂದು ಕೇಳಿ ಹಿರಿಯವಳು ಕೈಯಲ್ಲಿದ್ದ ಕೆಲಸ ಬಿಟ್ಟು ಹೋದಳು. ಬಡಗಿಯ ಮಗಳಿಗೆ ಹದಿನೇಳು. ದೂರದ ಶಹರದಲ್ಲಿ ದೊಡ್ಡವರ ಮನೆಯ ಕೂಸು ನೋಡಿಕೊಳ್ಳುವ ಕೆಲಸವಂತೆ. ಹುಡುಗಿ ಆಗಲೇ ಚೀಲ ತುಂಬಿಕೊಂಡಿದ್ದಳು.

ಹಿರಿಯವಳು ಕರೆಯದಿದ್ದರೂ ಒಳಗೆ ಹೋಗಿ ಕೂತಳು. "ಆ ಮನೆಯವರ ಜೊತೆ ಈಗಲೇ ಮಾತಾಡೋಣ, ಫೋನ್ ಮಾಡಿ," ಎಂದಳು. ಹೆಂಗಸು ನಕ್ಕು ಮಾತು ಮರೆಸಿದಳು. "ನೀವು ಹಿಂದೆ ಕಳಿಸಿದ ಹುಡುಗೀರಲ್ಲಿ ಒಬ್ಬಳ ತಾಯಿ ಹೆಸರು ಹೇಳಿ, ನಾನೇ ಹೋಗಿ ಕೇಳ್ಕೊಂಡು ಬರ್ತೀನಿ." ಹೆಂಗಸು ಗಡಿಯಾರ ನೋಡಿಕೊಂಡಳು.

ಬಡಗಿಯ ಹೆಂಡತಿಗೆ ರೇಗಿತು. "ನೀನು ಹೋಗಿ ಹಾಳಾಗಿ ಬಂದೆ ಅಂತ ನಮ್ಮ ಹುಡುಗಿ ಉದ್ಧಾರ ಆಗೋದು ನೋಡೋಕಾಗಲ್ವಾ? ಹೊಟ್ಟೆಕಿಚ್ಚು ನಿಂಗೆ!"

ಹುಟ್ಟಿದಾಗಿನಿಂದ ಆ ಮಾತಿಗೆ ಲಾಯಕ್ಕಾಗಿ ಬಾಳಿದವಳು ಅವಳು. ಅದನ್ನು ಯಾರೂ ಎದುರಿಗೆ ಅಂದಿರಲಿಲ್ಲ. ಅನ್ನಿಸಿಕೊಂಡದ್ದು ಇವತ್ತು, ಹೊಟ್ಟೆಕಿಚ್ಚು ಎಳ್ಳಷ್ಟೂ ಇಲ್ಲದ ದಿನ.

"ಹಾಗೇ ಇಟ್ಕೊಳ್ಳಮ್ಮ," ಎಂದು ಹಿರಿಯವಳು ಕಾಲು ಮಡಚಿ ಸರಿಯಾಗಿ ಕೂತಳು. "ಹೊಟ್ಟೆಕಿಚ್ಚಿನ ವಿಷಯ ನಂಗೆ ಚೆನ್ನಾಗಿ ಗೊತ್ತು. ಇವರು ಹೊರಡೋವರೆಗೂ ನಾನು ಏಳಲ್ಲ. ನಿನ್ನ ಮಗಳನ್ನ ಕರಿ, ನಿಧಾನಕ್ಕೆ ಹೇಳ್ತೀನಿ."

ಹುಡುಗಿ ಬಾಗಿಲ ಹಿಂದಿನಿಂದ ಬಂದು, ಚೀಲವನ್ನು ಕೆಳಗಿಡದೆಯೇ, ಎದುರಿಗೆ ನಿಂತಳು. ಹಿರಿಯವಳು ಮೊದಲಿನಿಂದ ಶುರುಮಾಡಿದಳು. ಅರ್ಧ ದಾರಿಗೆ ಬಂದಾಗ ಒಳ್ಳೆಯ ಬಟ್ಟೆಯ ಹೆಂಗಸು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು. ಹುಡುಗಿ ಅವಳ ಹಿಂದೆ ಹೋಗಲಿಲ್ಲ. ಚೀಲವನ್ನು ಗೋಡೆಗೆ ಒರಗಿಸಿ, ಕೂತು, "ಆಮೇಲೆ?" ಎಂದಳು.